ಹುಲ್ಲುಹಾಸಿನ ಮೇಲಿನ ಹಸಿ ಗೊಬ್ಬರವನ್ನು ದಯವಿಟ್ಟು ಮಳೆಗೆ ಮೊದಲೇ ಎತ್ತಿಬಿಡಿ

ತಾವು ಹಾಕಿರುವ ಚಿತ್ರವನ್ನು ನೋಡಿದೆ. ಕೊಟ್ಟಿಗೆಯಿಂದ ನೇರವಾಗಿ ತರಿಸಿದ ಗೊಬ್ಬರವನ್ನು ಹುಲ್ಲುಹಾಸಿನ ಮೇಲೆ ಒಂದಂಗುಲ ದಪ್ಪಕ್ಕೆ ಹರಡಿ, ಭರಣಿ ಮಳೆ ಬಿದ್ದರೆ ತಾನಾಗಿಯೇ ಇಳಿದುಹೋಗುತ್ತದೆ ಎಂದು ಬರೆದಿದ್ದೀರಿ. 7 ವರ್ಷಗಳ ಹಿಂದೆ, ಮೈಸೂರಿನ ನಮ್ಮ ಮನೆಯ ಮುಂದಿನ 600 ಚದರಡಿ ಹುಲ್ಲಿಗೆ ನಾನೂ ಇದನ್ನೇ ಮಾಡಿದ್ದೆ.

ಜೂನ್, ಜುಲೈ ಎರಡೂ ತಿಂಗಳು ಹಸಿರು ಕಣ್ಣು ಕೋರೈಸುವಂತಿತ್ತು. ಆಗಸ್ಟ್ ಕೊನೆಗೆ ಅಲ್ಲಲ್ಲಿ ತಟ್ಟೆಯಗಲದ ಕಂದು ಮಚ್ಚೆಗಳು ಕಾಣಿಸಿಕೊಂಡಾಗ ನೀರು ಸಾಲದೆಂದು ನೀರು ಕೊಟ್ಟೆ, ಸಾರ ಸಾಲದೆಂದು ಯೂರಿಯಾ ಎರಚಿದೆ. ಗೊರವಂಕಗಳು ಹಿಂಡುಗಟ್ಟಿ ಬಂದು ಅದೇ ಮಚ್ಚೆಗಳನ್ನು ಕುಕ್ಕತೊಡಗಿದ ಮೇಲೆ ಅನುಮಾನವಾಗಿ ಹುಲ್ಲನ್ನು ಹಿಡಿದೆಳೆದರೆ, ಬೇರೇ ಇಲ್ಲದೆ ಚಾಪೆಯಂತೆ ಸುರುಳಿ ಸುತ್ತಿಕೊಂಡು ಕೈಗೆ ಬಂತು. ಅಡಿಯಲ್ಲಿ ಕಂದು ತಲೆಯ, ಬಿಳಿ ಮೈಯ ಗೊಣ್ಣೆ ಹುಳುಗಳು ಬಾಗಿ ಮಲಗಿದ್ದವು. ಮೊದಲ ಮಳೆಗಳಿಗೆ ಮಣ್ಣಿನಿಂದೆದ್ದ ದುಂಬಿಗಳು ಮತ್ತೆ ಮಣ್ಣಿಗಿಳಿದು ಮೊಟ್ಟೆಯಿಡುತ್ತವೆ. ಮರಿ ಹುಳುಗಳಿಗೆ ಅರೆಕಳಿತ ಗೊಬ್ಬರವೇ ಮೊದಲ ಊಟ, ಬಲಿತ ಮೇಲೆ ಬೇರಿನ ಸರದಿ. ಗೊಬ್ಬರ ಮಾರಿದವರು ಚೆನ್ನಾಗಿ ಕಳಿತಿದೆ ಎಂದಿದ್ದರು, ನಿಜ. ಆದರೆ ಒಂದು ಹಿಡಿ ಕೈಗೆತ್ತಿಕೊಂಡು ಮೂಸಿ ನೋಡದಿದ್ದುದು ನನ್ನದೇ ತಪ್ಪು. ಸಗಣಿಯ ವಾಸನೆ ಉಳಿದಿದ್ದರೆ ಅದು ಕಳಿತ ಗೊಬ್ಬರವಲ್ಲ.

ಈಗಲೇ ಗುಡಿಸಿ ಎತ್ತಿ, ಮೂಲೆಯಲ್ಲಿ ಗುಡ್ಡೆ ಹಾಕಿ, ತೇವ ಮಾಡಿ ಮುಚ್ಚಿಡಿ. ಅದು ಪೂರ್ತಿ ಕಳಿತ ಮೇಲೆ ಒಂದು ಕ್ವಿಂಟಲ್‌ಗೆ 2 ಕಿಲೋ, ಗೊಣ್ಣೆ ಹುಳುವನ್ನು ಕೊಲ್ಲುವ ಮೆಟಾರೈಜಿಯಂ ಬೆರೆಸಿ, ನೆರಳಿನಲ್ಲಿ ಎರಡು ವಾರ ತೇವವಾಗಿಟ್ಟು, ಜರಡಿ ಹಿಡಿದು, ಕೆಮ್ಮಣ್ಣು ಮತ್ತು ಮರಳಿನೊಂದಿಗೆ ಹುಲ್ಲಿನ ತುದಿ ಕಾಣುವಷ್ಟು ತೆಳುವಾಗಿ ಹರಡಬಹುದು. ಮೆಟಾರೈಜಿಯಂ ಜೀವಂತ ಶಿಲೀಂಧ್ರ. ಅವಧಿ ಮುಗಿದ ಪೊಟ್ಟಣವನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಬಿಸಿಲಿನಲ್ಲಿ ಎರಚಬೇಡಿ, ಅದರ ಬೆನ್ನಿಗೇ ಶಿಲೀಂಧ್ರನಾಶಕ ಸಿಂಪಡಿಸಬೇಡಿ.

ತಮ್ಮ ಚಿತ್ರಕ್ಕೆ ಉತ್ತರಿಸಿದ ಒಬ್ಬರು ಥಿಮೆಟ್ ಕಾಳು ಹಾಕಿ ಎಂದು ಸಲಹೆ ನೀಡಿದ್ದಾರೆ. ಅದು ಫೋರೇಟ್ ಎಂಬ ಕೀಟನಾಶಕ, 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದರ ಮಾರಾಟ, ಬಳಕೆ ಎರಡೂ ನಿಷಿದ್ಧ. ಮಕ್ಕಳು ಬರಿಗಾಲಲ್ಲಿ ಆಡುವ ಹುಲ್ಲಿಗೆ ಅಂಥ ವಿಷವನ್ನು ಸೂಚಿಸುವ ಮೊದಲು ಸ್ವಲ್ಪ ಯೋಚಿಸಬೇಕಿತ್ತು. ‘ಲಾನ್ ಬೂಸ್ಟರ್’ ಎಂಬ ಹೆಸರಿನ ದುಬಾರಿ ಬಾಟಲಿಗಳ ಬಗೆಗೂ ನನಗೆ ಗೌರವವಿಲ್ಲ. ಬೇರೇ ಇಲ್ಲದ ಹುಲ್ಲಿಗೆ ಯಾವ ಟಾನಿಕ್ಕೂ ಹತ್ತುವುದಿಲ್ಲ.

ನನ್ನನ್ನು ಉಳಿಸಿದ್ದು ಬೆಳಕಿನ ಬಲೆ. ಒಂದು ಹದವಾದ ಮಳೆ ಬಿದ್ದ ಸಂಜೆ ಜಗಲಿಯ ದೀಪಗಳನ್ನೆಲ್ಲ ಆರಿಸಿ, ಅಗಲವಾದ ಟಬ್ಬಿನಲ್ಲಿ ನೀರು ತುಂಬಿಸಿ, ಎರಡು ಚಮಚ ಸೀಮೆಎಣ್ಣೆ (ಈಗ ಸಿಗುವುದೇ ಕಷ್ಟ, ಸೋಪಿನ ಪುಡಿಯೂ ನಡೆಯುತ್ತದೆ) ಹಾಕಿ, ಅದರ ಮೇಲೆ ಒಂದೇ ಬಲ್ಬನ್ನು ತೂಗುಬಿಡುತ್ತೇನೆ. 7ರಿಂದ 9 ಗಂಟೆಯವರೆಗೆ ಮಾತ್ರ, ಏಕೆಂದರೆ ರಾತ್ರಿಯಿಡೀ ಉರಿಸಿದರೆ ಉಪಕಾರಿ ಕೀಟಗಳೂ ಬಿದ್ದು ಸಾಯುತ್ತವೆ. ಒಂದು ಸಂಜೆ ಸುಮ್ಮನಿದ್ದರೂ ನಷ್ಟವೇ. ದುಂಬಿ ಮೊಟ್ಟೆಯಿಡುವ ಮೊದಲು ಬಿದ್ದರಷ್ಟೇ ಲಾಭ.

ಇನ್ನು, ಚಿತ್ರದಲ್ಲಿ ಹುಲ್ಲನ್ನು ನೆಲಮಟ್ಟಕ್ಕೆ ಬೋಳಿಸಿದಂತೆ ಕಾಣುತ್ತದೆ. ಮಳೆ ಹಿಡಿಯುವವರೆಗೆ ಯಂತ್ರವನ್ನು ಎತ್ತರಿಸಿಕೊಂಡು ಎರಡಂಗುಲ ಉಳಿಸಿ, ಬೆಳಗಿನ ಹೊತ್ತು ಆಳಕ್ಕಿಳಿಯುವಂತೆ ನೀರು ಕೊಡಿ, ಯೂರಿಯಾ ಮುಟ್ಟಬೇಡಿ. ಗುಲಾಬಿಯನ್ನೂ ಈ ಬಿಸಿಲಿನಲ್ಲಿ ಸವರದೆ, ಪಾತಿಗೆ ಒಣ ಎಲೆಯ ಮುಚ್ಚಿಗೆ ಹಾಕಿ ಬಿಡಿ, ಆದರೆ ಬುಡಕ್ಕೆ ತಾಗಿಸಬೇಡಿ.

ಚಿತ್ರದ ಎಡಮೂಲೆಯಲ್ಲಿರುವುದು ಬೇವಿನ ಮರವೇ ಆಗಿದ್ದರೆ ದುಂಬಿಗಳು ಮೊದಲು ಬಂದು ಕೂರುವುದು ಅಲ್ಲಿಯೇ. ಮಳೆಯ ಮರುರಾತ್ರಿ ಟಾರ್ಚ್ ಹಿಡಿದು ಎಲೆಗಳನ್ನು ನೋಡಿ. ಅಂಚು ಕಚ್ಚಿದ್ದರೆ ಕೆಳಗೆ ಹಳೆಯ ಪಂಚೆ ಹಾಸಿ ಕೊಂಬೆ ಅಲ್ಲಾಡಿಸಿ, ಬಿದ್ದವನ್ನು ಟಬ್ಬಿಗೆ ಸುರಿಯಿರಿ.