ಒಂದೇ ವರ್ಷದ ಮೂರು ಬೋಜೊಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಫ್ರಾನ್ಸಿನ ಲಿಯೊನ್‌ನಲ್ಲಿರುವ ಮಗಳು, ಅಳಿಯ ರಜೆಗೆ ಬಂದಾಗ 2022ರ ಮೂರು ಬಾಟಲಿ ಬೋಜೊಲೆ ವೈನ್ ತಂದಿದ್ದಾರೆ. ಒಂದರ ಮೇಲೆ ಬೋಜೊಲೆ-ವಿಲಾಜ್ ಎಂದಿದೆ. ಉಳಿದೆರಡು ಫ್ಲೂರಿ ಮತ್ತು ಮೊರ್ಗೋನ್. ಕಾಫಿ ಬೆಳೆಗಾರರಾದ ನಮಗೆ ಕಪ್ಪಿಂಗ್ (ಕಾಫಿಯ ಮಾದರಿಗಳನ್ನು ಸಾಲಾಗಿಟ್ಟು ರುಚಿ ನೋಡಿ ಹೋಲಿಸುವುದು) ಗೊತ್ತು, ವೈನ್ ಹೊಸದು. ಸ್ನೇಹಿತರೆಲ್ಲ ಸೇರಿ ಇವನ್ನು ಹೋಲಿಸಿ ನೋಡುವ ಕ್ರಮ ಯಾವುದು? ಮೂರರಲ್ಲಿ ಯಾವುದು ಮೇಲು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಮೂರೂ ಒಂದೇ ವರ್ಷದವಾಗಿರುವುದು ಬಹಳ ಒಳ್ಳೆಯದಾಯಿತು. ಬೋಜೊಲೆಯ ಕೆಂಪು ವೈನ್ ತಯಾರಾಗುವುದು ಗಾಮೆ ಎಂಬ ಒಂದೇ ದ್ರಾಕ್ಷಿಯಿಂದ. ದ್ರಾಕ್ಷಿಯೂ ಒಂದೇ, ವರ್ಷವೂ ಒಂದೇ ಆದಾಗ ಲೋಟದಲ್ಲಿ ಕಾಣುವ ವ್ಯತ್ಯಾಸಕ್ಕೆ ಮಣ್ಣು ಮತ್ತು ತಯಾರಕರ ಕೈಗುಣ ಇವೆರಡೇ ಮುಖ್ಯ ಕಾರಣಗಳಾಗಿ ಉಳಿಯುತ್ತವೆ.

ಲಿಯೊನ್‌ನ ಉತ್ತರಕ್ಕೆ, ಬರ್ಗಂಡಿಯ ದಕ್ಷಿಣ ಅಂಚಿಗೆ ಹೊಂದಿಕೊಂಡಿರುವ ಈ ಸೀಮೆಯಲ್ಲಿ ಮೂರು ದರ್ಜೆಗಳಿವೆ: ಸಾಮಾನ್ಯ ಬೋಜೊಲೆ, ಅದರ ಮೇಲೆ ಬೋಜೊಲೆ-ವಿಲಾಜ್, ಎಲ್ಲಕ್ಕೂ ಮೇಲೆ ತಮ್ಮ ಊರು ಅಥವಾ ಗುಡ್ಡದ ಹೆಸರನ್ನೇ ಹೊತ್ತ ಹತ್ತು ಕ್ರೂಗಳು. ಫ್ಲೂರಿ, ಮೊರ್ಗೋನ್ ಈ ಹತ್ತರಲ್ಲಿ ಸೇರಿವೆ. ಅಕ್ಕಪಕ್ಕದಲ್ಲೇ ಇದ್ದರೂ ಇವುಗಳ ನೆಲ ಬೇರೆ. ಫ್ಲೂರಿಯದು ಗುಲಾಬಿ ಛಾಯೆಯ ಗ್ರಾನೈಟ್ ಸವೆದು ಆದ ಮರಳು ಮಣ್ಣು. ಅಲ್ಲಿನ ವೈನಿನಲ್ಲಿ ಹೂವಿನ ಪರಿಮಳ ಮುಂದೆ ಬರುತ್ತದೆ, ಒಗರು ನಯವಾಗಿರುತ್ತದೆ. ಮೊರ್ಗೋನ್‌ನ ಹೆಸರಾಂತ ಗುಡ್ಡವಾದ ಕೋತ್ ದು ಪೀಯಲ್ಲಿ ನೀಲಿ ಛಾಯೆಯ ಹಳೆಯ ಕಲ್ಲು ಪುಡಿಯಾಗಿ ಹರಡಿದೆ. ಅಲ್ಲಿಂದ ಬರುವ ವೈನಿಗೆ ಕಪ್ಪು ಚೆರಿಹಣ್ಣಿನ ರುಚಿ, ಬಿಗಿಯಾದ ಮೈಕಟ್ಟು, ಕೆಲವು ವರ್ಷ ಕಾಯುವ ಶಕ್ತಿ ಇರುತ್ತದೆ. ಆದರೆ ಮೊರ್ಗೋನ್‌ನ ಎಲ್ಲ ತೋಟಗಳೂ ಆ ಗುಡ್ಡದ ಮೇಲಿಲ್ಲ. ಆದ್ದರಿಂದ ನಿಮ್ಮ ಬಾಟಲಿಯ ಚೀಟಿಯಲ್ಲಿ ಆ ಗುಡ್ಡದ ಹೆಸರು ಇದೆಯೇ ಎಂದು ನೋಡಿ, ಗುರುತು ಹಾಕಿಟ್ಟುಕೊಳ್ಳಿ. ಅದನ್ನು ರುಚಿ ನೋಡಿ ಮುಗಿದ ಮೇಲಷ್ಟೇ ಸ್ನೇಹಿತರಿಗೆ ತಿಳಿಸಿ.

2022ರ ಸ್ವಭಾವವನ್ನು ಮಾತ್ರ ಮೊದಲೇ ಅರಿತಿರಬೇಕು. ಆ ಬೇಸಿಗೆ ಅಲ್ಲಿ ವಿಪರೀತ ಬಿಸಿಲಿನದು, ಮಳೆ ಕಡಿಮೆಯದು. ಆಗಸ್ಟ್ ಮುಗಿಯುವ ಮೊದಲೇ ಕೊಯ್ಲು ಆರಂಭವಾಗಿತ್ತು. ಅದರ ಹಿಂದಿನ 2021 ಇದಕ್ಕೆ ತದ್ವಿರುದ್ಧ: ಏಪ್ರಿಲ್‌ನಲ್ಲಿ ಹಿಮ ಬಿದ್ದು ಚಿಗುರು ಸುಟ್ಟಿತು, ಬೇಸಿಗೆ ತಂಪಾಗಿ ಮಳೆಯಲ್ಲಿ ಕಳೆಯಿತು, ವೈನುಗಳು ತೆಳುವಾಗಿ, ಹುಳಿ ಚುರುಕಾಗಿ ಬಂದವು. 2022ರಲ್ಲಿ ಹಣ್ಣು ಪೂರ್ತಿ ಮಾಗಿ, ಹಲವು ಕ್ರೂಗಳ ಮದ್ಯಸಾರ ಶೇ. 14ರ ಆಸುಪಾಸಿಗೆ ಏರಿತು. ಇಂತಹ ವರ್ಷದ ವೈನುಗಳನ್ನು ಸಾಲಾಗಿಟ್ಟು ಕುಡಿದಾಗ ಮೊದಲ ಗುಟುಕಿಗೆ ಯಾವುದು ದಪ್ಪವಾಗಿ, ಸಿಹಿಯೆನ್ನಿಸುವಂತೆ ಬಾಯಿ ತುಂಬುತ್ತದೆಯೋ ಅದಕ್ಕೇ ಎಲ್ಲರೂ ಮತ ಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬಿಸಿಲಿನ ವರ್ಷದಲ್ಲಿ ಮೆಚ್ಚಬೇಕಾದದ್ದು ಆ ದಪ್ಪವನ್ನಲ್ಲ. ಅಷ್ಟು ಬಿಸಿಲುಂಡ ಮೇಲೂ ಹುಳಿಯನ್ನೂ ಪರಿಮಳವನ್ನೂ ಉಳಿಸಿಕೊಂಡ ವೈನನ್ನು.

ಕ್ರಮದ ವಿಷಯಕ್ಕೆ ಬಂದರೆ, ಕಪ್ಪಿಂಗ್ ಮೇಜಿನ ಶಿಸ್ತೇ ಇಲ್ಲಿಯೂ ಸಾಕು. ಎಲ್ಲ ಲೋಟಗಳೂ ಒಂದೇ ಆಕಾರದವಾಗಿರಲಿ, ತೆಳು ಗಾಜಿನದಾಗಿ ಬಾಯಿಯ ಕಡೆ ಸ್ವಲ್ಪ ಒಳಬಾಗಿರಲಿ. ಪ್ರತಿಯೊಂದಕ್ಕೂ ಸುಮಾರು 50 ಮಿಲಿ ಸಾಕು. ಕುಡಿಯದವರೊಬ್ಬರು ಬಾಟಲಿಗಳಿಗೆ ಪತ್ರಿಕೆಯ ಹಾಳೆ ಸುತ್ತಿ, ಸಂಖ್ಯೆ ಬರೆದು, ಬೇರೆ ಕೋಣೆಯಲ್ಲಿ ಸುರಿದು ತಂದುಕೊಡಲಿ. ಉಗುಳಲು ಪಾತ್ರೆಯೊಂದು ಮೇಜಿನ ಮೇಲಿರಲಿ. ಉಗುಳದೆ ನುಂಗುತ್ತ ಹೋದರೆ ಮೂರನೆಯ ಲೋಟದ ಹೊತ್ತಿಗೆ ತೀರ್ಪು ಸಡಿಲವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ತಂಪಿನ ವಿಷಯದಲ್ಲಿ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಚಳಿ ದೇಶದ ಹಳೆಯ ಮನೆಗಳಲ್ಲಿ ಹುಟ್ಟಿದ್ದು. ಏಪ್ರಿಲ್ ತಿಂಗಳ ಮೂಡಿಗೆರೆಗೆ ಅದು ಹೊಂದುವುದಿಲ್ಲ. ಬೋಜೊಲೆಗೆ 13–14 ಡಿಗ್ರಿ ಸೆಲ್ಸಿಯಸ್ ಹಿತವಾದದ್ದು. ಮೂರೂ ಬಾಟಲಿಗಳನ್ನು ಒಟ್ಟಿಗೇ ಫ್ರಿಜ್ಜಿನಲ್ಲಿ ಸುಮಾರು ಒಂದೂವರೆ ಗಂಟೆ ಇಟ್ಟು, ಒಟ್ಟಿಗೇ ಹೊರತೆಗೆಯಿರಿ. ಬಿಸಿಯಾದ ವೈನಿನಲ್ಲಿ ಮದ್ಯಸಾರ ಮೂಗಿಗೆ ಹೊಡೆಯುತ್ತದೆ, ಅತಿ ತಣ್ಣಗಾದದ್ದರಲ್ಲಿ ಪರಿಮಳ ಮುದುಡುತ್ತದೆ. ಒಂದು ಬಾಟಲಿ ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ ನೀವು ಹೋಲಿಸುವುದು ಉಷ್ಣತೆಯನ್ನೇ ಹೊರತು ಮಣ್ಣನ್ನಲ್ಲ.

ಲೋಟವನ್ನು ಅಲ್ಲಾಡಿಸುವ ಮೊದಲೊಮ್ಮೆ, ಅಲ್ಲಾಡಿಸಿದ ಮೇಲೊಮ್ಮೆ ಮೂಸಿ ನೋಡಿ. ಬಾಯಲ್ಲಿ ಗಮನಿಸಬೇಕಾದವು ಮುಖ್ಯವಾಗಿ ನಾಲ್ಕು: ನಾಲಿಗೆಯ ಬದಿಯಲ್ಲಿ ನೀರೂರಿಸುವ ಹುಳಿ, ಒಸಡಿಗೆ ಹಿಡಿಯುವ ಒಗರು, ಗಂಟಲಲ್ಲಿ ಉಳಿಯುವ ಬಿಸಿ, ಉಗುಳಿದ ಮೇಲೂ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು. ಇವನ್ನು ಮಾತಾಡುವ ಮೊದಲು ಬರೆದುಕೊಳ್ಳಿ, ಏಕೆಂದರೆ ಮೇಜಿನ ಹಿರಿಯರೊಬ್ಬರು "ಹೂವಿನ ವಾಸನೆ" ಎಂದುಬಿಟ್ಟರೆ ಉಳಿದವರ ಮೂಗಿಗೂ ಹೂವೇ ಬರುತ್ತದೆ. ನಾಟಿಕೋಳಿ ಸಾರು, ಕಡುಬು ಆಮೇಲೆ ಬರಲಿ. ಖಾರ ತಿಂದ ನಾಲಿಗೆಗೆ ಮದ್ಯಸಾರ ಉರಿಯಾಗುತ್ತದೆ.

ಪ್ರತಿ ಬಾಟಲಿಯಲ್ಲಿ ಮೂರರಲ್ಲೊಂದು ಭಾಗ ಉಳಿಸಿ, ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮರುದಿನ ಸಂಜೆ ಮತ್ತೆ ನೋಡಬೇಕೆಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಮೊದಲ ದಿನ ಗಡುಸೆನಿಸಿದ ಮೊರ್ಗೋನ್ ಗಾಳಿ ಕುಡಿದು ಬಿಚ್ಚಿಕೊಳ್ಳುವುದು ಸಾಮಾನ್ಯ. ಮೊದಲ ದಿನ ಎಲ್ಲರ ಮನ ಗೆದ್ದ ವೈನು ಹಣ್ಣಿನ ಕಾಂತಿ ಕಳೆದುಕೊಂಡು ಬರಿಯ ಬಿಸಿಯಾಗಿ ಉಳಿಯುವುದೂ ಉಂಟು. ಯಾವುದು ಮೇಲು ಎಂಬುದನ್ನು ಆಗ ತೀರ್ಮಾನಿಸಿ. ದರ್ಜೆಯ ಲೆಕ್ಕದಲ್ಲಿ ವಿಲಾಜ್ ಕೆಳಗಿದ್ದರೂ ಅದನ್ನು ಮಾಡುವುದೇ ಎಳೆಯದಾಗಿ, ಊಟದ ಜೊತೆ ಕುಡಿಯಲು; ಆ ಕೆಲಸದಲ್ಲಿ ಅದು ಗೆದ್ದರೆ ಗೆಲುವನ್ನು ಒಪ್ಪಿಕೊಳ್ಳಬೇಕು.

ಪ್ರಶ್ನೆ: ವಿದೇಶ ಪ್ರವಾಸದಲ್ಲಿ ಕುಡಿದ ಬೋಜೊಲೆ ನೂವೋ ಬಾಳೆಹಣ್ಣಿನಂತೆ ಘಮಘಮಿಸುತ್ತಿತ್ತು. ಅದಕ್ಕೆ ಎಸೆನ್ಸ್ ಬೆರೆಸುತ್ತಾರೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಇಲ್ಲ. ನವೆಂಬರ್ ತಿಂಗಳ ಮೂರನೆಯ ಗುರುವಾರ ಮಾರಾಟಕ್ಕೆ ಬಿಡುವ ಆ ಹೊಸ ವೈನನ್ನು ಕೊಯ್ಲಾದ ಕೆಲವೇ ವಾರಗಳಲ್ಲಿ ಸಿದ್ಧಪಡಿಸಬೇಕಾಗುತ್ತದೆ. ದ್ರಾಕ್ಷಿಯನ್ನು ಜಜ್ಜದೆ ಇಡೀ ಗೊಂಚಲುಗಳನ್ನೇ ತೊಟ್ಟಿಗೆ ತುಂಬುತ್ತಾರೆ. ಭಾರಕ್ಕೆ ಅಡಿಯ ಹಣ್ಣು ಒಡೆದು ಹುದುಗಲು ಆರಂಭಿಸಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ತೊಟ್ಟಿಯನ್ನು ತುಂಬುತ್ತದೆ. ಆಮ್ಲಜನಕವಿಲ್ಲದ ಆ ಸ್ಥಿತಿಯಲ್ಲಿ ಮೇಲಿನ ಇಡೀ ಹಣ್ಣುಗಳೊಳಗೆ, ಯೀಸ್ಟಿನ ನೆರವಿಲ್ಲದೆಯೇ, ಸಕ್ಕರೆಯ ಸ್ವಲ್ಪ ಭಾಗ ಮದ್ಯಸಾರವಾಗುತ್ತದೆ. ಈ ವಿಧಾನದಿಂದ ಒಗರು ಕಡಿಮೆಯಾಗಿ ಹಣ್ಣಿನ ಪರಿಮಳ ಎದ್ದು ಕಾಣುತ್ತದೆ. ನೀವು ಗುರುತಿಸಿದ ವಾಸನೆ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರಿನದು, ಅಂದರೆ ಹಣ್ಣಿನ ಪರಿಮಳ ಕೊಡುವ ಒಂದು ರಾಸಾಯನಿಕದ್ದು. ಮಾಗಿದ ಬಾಳೆಹಣ್ಣಿನಲ್ಲಿರುವುದೂ ಅದೇ. ಹುದುಗುವಾಗ ಯೀಸ್ಟ್ ಅದನ್ನು ಉಂಟುಮಾಡುತ್ತದೆ, ಕೆಲವು ತಳಿಯ ಯೀಸ್ಟ್ ಹೆಚ್ಚಾಗಿಯೇ ಉಂಟುಮಾಡುತ್ತದೆ. ಒಳ್ಳೆಯ ಕ್ರೂಗಳಲ್ಲಿ ಈ ವಾಸನೆ ಮುಂದೆ ನಿಂತಿದ್ದರೆ ನಾನು ಅಂಕ ಕಳೆಯುತ್ತೇನೆ, ಏಕೆಂದರೆ ಅದು ಊರಿನ ಗುರುತನ್ನು ಮುಚ್ಚಿಬಿಡುತ್ತದೆ.

ಪ್ರಶ್ನೆ: ನಮ್ಮ ಕಡೆ ಕೆಲವು ತೋಟಗಳಲ್ಲಿ ಮಾಡುವ ಕಾರ್ಬಾನಿಕ್ ಮ್ಯಾಸರೇಶನ್ ಕಾಫಿಯೂ ಇದೇ ವಿಧಾನವೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಹೌದು, ಇಡೀ ಹಣ್ಣನ್ನು ಇಂಗಾಲದ ಡೈಆಕ್ಸೈಡ್ ತುಂಬಿದ, ಮುಚ್ಚಿದ ಪಾತ್ರೆಯಲ್ಲಿ ಹುದುಗಿಸುವ ಆ ವಿಧಾನದ ಮೂಲ ಮೇಲೆ ಹೇಳಿದ ವೈನಿನದೇ. 2015ರ ವಿಶ್ವ ಬರಿಸ್ತಾ (ಕಾಫಿ ತಯಾರಿಸಿ ಕೊಡುವವರ) ಸ್ಪರ್ಧೆಯನ್ನು ಆಸ್ಟ್ರೇಲಿಯಾದ ಸಾಶಾ ಶೆಸ್ತಿಚ್ ಇಂತಹ ಕಾಫಿಯಿಂದ ಗೆದ್ದ ಮೇಲೆ ಅದು ಕಾಫಿ ಲೋಕದಲ್ಲಿ ಹರಡಿತು. ಆದರೆ ವೈನಿನಲ್ಲಿ ನಾವು ಕುಡಿಯುವುದು ಹುದುಗಿದ ರಸವನ್ನೇ. ಕಾಫಿಯಲ್ಲಿ ತಿರುಳು ಕಳೆದು, ಬೀಜವನ್ನು ಒಣಗಿಸಿ ಹುರಿದ ಮೇಲೆ ಉಳಿದಷ್ಟು ಮಾತ್ರ ಕಪ್ಪಿಗೆ ಬರುತ್ತದೆ. ಕಪ್ಪಿಂಗ್‌ನಲ್ಲಿ ಹಣ್ಣಿನ ಘಾಟು ಮುಂದಾಗಿ ಕಾಫಿಯ ರುಚಿ ಹಿಂದೆ ಸರಿದಿದ್ದರೆ ಮುಂದಿನ ಸಲ ಹಣ್ಣನ್ನು ಡ್ರಮ್ಮಿನಲ್ಲಿ ಮುಚ್ಚಿಡುವ ಅವಧಿಯನ್ನು ಕಡಿಮೆ ಮಾಡಿ, ಡ್ರಮ್ಮನ್ನು ನೆರಳಿನಲ್ಲಿ ತಂಪಾಗಿಡಿ.