ಪ್ರಶ್ನೋತ್ತರ: ಆಫರ್ ಫೋನ್ ಬಂದಾಗ ‘ಹೂಂ’ ಅನ್ನುವ ಮುನ್ನ

ಅಮೆರಿಕದಲ್ಲಿ ಕ್ಲಿನಿಕಲ್ ಮತ್ತು ಕೌನ್ಸೆಲಿಂಗ್ ಮನೋವಿಜ್ಞಾನದ ಡಾಕ್ಟರೇಟ್ ಮುಗಿಸುತ್ತಿರುವ ಓದುಗರು ಪೋಸ್ಟ್‌ಡಾಕ್, ಅಂದರೆ ಡಾಕ್ಟರೇಟ್ ಬಳಿಕದ ತರಬೇತಿಯ ಬಗ್ಗೆ ಕೇಳಿದ ಪ್ರಶ್ನೆಗಳು ಈ ಸಂಚಿಕೆಯಲ್ಲಿವೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಇಂಟರ್ನ್‌ಶಿಪ್‌ಗೆ ಮ್ಯಾಚ್ ಇತ್ತು. ಪಟ್ಟಿ ಕೊಟ್ಟು ಸುಮ್ಮನೆ ಕೂತರೆ ಸಾಕಿತ್ತು. ಪೋಸ್ಟ್‌ಡಾಕ್‌ಗೂ ಹಾಗೇನಾ? ಯಾವಾಗ ಏನು ನಡೆಯುತ್ತದೆ?
— ಇಂಟರ್ನ್‌ಶಿಪ್‌ನಲ್ಲಿರುವ ಓದುಗರು, ಶಿಕಾಗೊ

ಹಾಗಲ್ಲ. ಇಂಟರ್ನ್‌ಶಿಪ್‌ಗೆ ತರಬೇತಿ ಕೇಂದ್ರಗಳ ಒಕ್ಕೂಟವಾದ ಎಪಿಪಿಐಸಿ ಸಂಸ್ಥೆ 1999ರಿಂದ ಕಂಪ್ಯೂಟರ್ ಮ್ಯಾಚ್ (ಎರಡೂ ಕಡೆಯವರ ಆದ್ಯತೆಯ ಪಟ್ಟಿ ನೋಡಿ ಜೋಡಿಸುವುದು) ನಡೆಸುತ್ತಿದೆ, ಅದರ ಫಲಿತಾಂಶಕ್ಕೆ ಎರಡೂ ಕಡೆಯವರು ಬದ್ಧರು. ಪೋಸ್ಟ್‌ಡಾಕ್‌ನಲ್ಲಿ ನ್ಯೂರೋಸೈಕಾಲಜಿಯ (ಮಿದುಳಿಗೂ ವರ್ತನೆಗೂ ಇರುವ ಸಂಬಂಧ ನೋಡುವ ಶಾಖೆ) ಒಂದು ಭಾಗ ಬಿಟ್ಟರೆ ಮ್ಯಾಚ್ ಇಲ್ಲ. ತರಬೇತಿ ನಿರ್ದೇಶಕರೇ ಫೋನ್ ಮಾಡಿ ಸೀಟು ಕೊಡುತ್ತಾರೆ, ನೀವೇ ಬಾಯಿಬಿಟ್ಟು ಉತ್ತರ ಹೇಳಬೇಕು.

ಹೆಚ್ಚಿನ ಜಾಗಗಳು ಡಿಸೆಂಬರ್ ಮತ್ತು ಜನವರಿಯಲ್ಲಿ ಅರ್ಜಿ ಮುಚ್ಚುತ್ತವೆ. ಸಂದರ್ಶನ ಜನವರಿ, ಫೆಬ್ರವರಿಯಲ್ಲಿ. ಕೆಲಸ ಶುರುವಾಗುವುದು ಜುಲೈಯಿಂದ ಸೆಪ್ಟೆಂಬರ್ ಒಳಗೆ. ಕೆಲವರು ಎಪಿಪಿಐಸಿಯ ಆನ್‌ಲೈನ್ ಪೋರ್ಟಲ್ ಮೂಲಕವೇ ಅರ್ಜಿ ತೆಗೆದುಕೊಳ್ಳುತ್ತಾರೆ, ಕೆಲವರು ಇಮೇಲ್‌ನಲ್ಲಿ. ಶಿಫಾರಸು ಪತ್ರ ಬರೆಯುವವರಿಗೆ ಈ ಎರಡು ದಾರಿಗಳನ್ನೂ ನವೆಂಬರ್‌ನಲ್ಲೇ ತಿಳಿಸಿಡಿ. ಅರ್ಜಿ ಅರ್ಧದಲ್ಲಿ ನಿಲ್ಲುವುದು ಸಾಮಾನ್ಯವಾಗಿ ಒಂದು ಪತ್ರ ತಪ್ಪು ದಾರಿಯಲ್ಲಿ ಹೋದದ್ದರಿಂದ.

ಪ್ರಶ್ನೆ: ಜನವರಿ ಮೂರನೇ ವಾರ ನನ್ನ ಪಟ್ಟಿಯಲ್ಲಿ ಮೂರನೆಯದಾಗಿದ್ದ ಜಾಗದಿಂದ ಆಫರ್ ಬಂತು. ಎರಡು ದಿನದಲ್ಲಿ ಉತ್ತರ ಬೇಕಂತೆ. ಮೊದಲ ಆಯ್ಕೆಯ ಸಂದರ್ಶನ ಇನ್ನೂ ಆಗಿಲ್ಲ. ಏನು ಮಾಡಲಿ?
— ಹೆಸರು ಬೇಡ ಎಂದವರು, ಬಾಸ್ಟನ್

ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ: ಆ ಜಾಗ ಎಪಿಪಿಐಸಿಯ ‘ಕಾಮನ್ ಹೋಲ್ಡ್ ಡೇಟ್’ ಪಾಲಿಸುತ್ತದೆಯೇ? ಇದು ಫೆಬ್ರವರಿ ಕೊನೆಯ ಭಾಗದಲ್ಲಿ ಬರುವ ಒಂದು ದಿನ. ಗಡಿ ಬೆಳಗ್ಗೆ 10 ಗಂಟೆ, ಪೂರ್ವ ಕರಾವಳಿಯ ಸಮಯ. ತಾರೀಖು ವರ್ಷಕ್ಕೊಂದಿರುತ್ತದೆ, ಆ ವರ್ಷದ ನಿಯಮಪತ್ರದಲ್ಲಿ ನೋಡಿಕೊಳ್ಳಿ. ಇದನ್ನು ಪಾಲಿಸುವ ಜಾಗ ಎಷ್ಟು ಬೇಗ ಬೇಕಾದರೂ ಆಫರ್ ಕೊಡಬಹುದು, ಆದರೆ ಅಭ್ಯರ್ಥಿ ಕೇಳಿಕೊಂಡರೆ ಆ ದಿನದವರೆಗೆ ಅದನ್ನು ಕಾಯ್ದಿಡಬೇಕು. ನಿಮ್ಮ ಮುಂದೆ ಮೂರು ಉತ್ತರಗಳಿವೆ: ಒಪ್ಪಿದೆ, ಬೇಡ, ಹೋಲ್ಡ್‌ನಲ್ಲಿಡಿ. ಮೂರನೆಯದನ್ನು ಹೇಳುವುದಕ್ಕೆ ನಮ್ಮವರು ಸಂಕೋಚಪಡುತ್ತಾರೆ, ದೊಡ್ಡವರು ತಾವಾಗಿ ಕೊಟ್ಟದ್ದನ್ನು ಕಾಯಿಸುವುದು ಮರ್ಯಾದೆಯಲ್ಲ ಅನ್ನಿಸುತ್ತದೆ. ಇಲ್ಲಿ ಆ ಸಂಕೋಚ ಬೇಡ. ನಿಯಮ ಇರುವುದೇ ಅದಕ್ಕೆ, ನಿರ್ದೇಶಕರಿಗೂ ಅದು ಗೊತ್ತು.

ಫೋನಿನಲ್ಲಿ ಇಷ್ಟು ಸಾಕು: “ಬಹಳ ಸಂತೋಷವಾಯಿತು, ಧನ್ಯವಾದಗಳು. ನೀವು ಕಾಮನ್ ಹೋಲ್ಡ್ ಡೇಟ್ ಪಾಲಿಸುತ್ತೀರಲ್ಲವೇ? ಹಾಗಿದ್ದರೆ ಆಫರನ್ನು ಹೋಲ್ಡ್‌ನಲ್ಲಿಡಲು ಇಷ್ಟಪಡುತ್ತೇನೆ. ವಿವರವನ್ನು ದಯವಿಟ್ಟು ಇಮೇಲ್‌ನಲ್ಲಿ ಕಳಿಸಿ.” ಯಾಕೆ ಹೋಲ್ಡ್ ಎಂದು ವಿವರಿಸಲು ಹೋಗಬೇಡಿ, ವಿವರಿಸಿದಷ್ಟೂ ಮಾತು ಜಾರುತ್ತದೆ. ಫೋನ್ ಇಟ್ಟ ಕೂಡಲೇ ದಿನ, ಗಂಟೆ, ಮಾತಾಡಿದವರ ಹೆಸರು, ಯಾವ ಟ್ರ್ಯಾಕ್‌ನ ಸೀಟು ಎಂಬುದನ್ನು ಬರೆದಿಟ್ಟುಕೊಳ್ಳಿ. ದೊಡ್ಡ ಆಸ್ಪತ್ರೆಗಳಲ್ಲಿ ಒಂದೇ ಕಾರ್ಯಕ್ರಮದಲ್ಲಿ ನಾಲ್ಕೈದು ಟ್ರ್ಯಾಕ್ ಇರುತ್ತವೆ. ಟ್ರಾಮಾ ಟ್ರ್ಯಾಕ್ ಅಂದುಕೊಂಡು ಒಪ್ಪಿದ್ದು ಆಮೇಲೆ ಪ್ರೈಮರಿ ಕೇರ್ ಆಗಿಬಿಡಬಹುದು.

ಒಂದು ಸಲಕ್ಕೆ ಒಂದೇ ಆಫರ್ ಹಿಡಿದಿಟ್ಟುಕೊಳ್ಳಬೇಕು. ಎರಡನೆಯದು ಬಂತೋ, ಯಾವುದಾದರೂ ಒಂದನ್ನು ತಡಮಾಡದೆ ಬಿಡಿ. ನೀವು ಬಿಟ್ಟ ಗಳಿಗೆಯಲ್ಲಿ ಇನ್ನೊಬ್ಬರಿಗೆ ಫೋನ್ ಹೋಗುತ್ತದೆ.

ಹೋಲ್ಡ್ ಸಿಕ್ಕ ಮೇಲೆ ಅದೇ ದಿನ ಮೊದಲ ಆಯ್ಕೆಯ ನಿರ್ದೇಶಕರಿಗೆ ಬರೆಯಿರಿ: ನನ್ನ ಕೈಯಲ್ಲಿ ಒಂದು ಆಫರ್ ಇದೆ, ಇಂಥ ದಿನದವರೆಗೆ ಕಾಯಬಲ್ಲೆ, ನಿಮ್ಮ ಕಾರ್ಯಕ್ರಮವೇ ನನ್ನ ಮೊದಲ ಆಯ್ಕೆ, ನಿಮ್ಮ ಸಂದರ್ಶನ ಮತ್ತು ನಿರ್ಧಾರ ಯಾವಾಗ ಎಂದು ತಿಳಿಸಬಹುದೇ? ಸಂದರ್ಶನವನ್ನು ಇನ್ನೂ ಬೇಗ ಇಡುವಂತೆಯೂ ಕೇಳಬಹುದು. ಇಂಟರ್ನ್‌ಶಿಪ್ ಮ್ಯಾಚ್‌ನಲ್ಲಿ ರ‍್ಯಾಂಕಿಂಗ್ ಬಗ್ಗೆ ತುಟಿ ಬಿಚ್ಚುವಂತಿರಲಿಲ್ಲವಾದ್ದರಿಂದ ಹೀಗೆ ಬರೆಯಲು ಅನೇಕರಿಗೆ ಕೈ ನಡುಗುತ್ತದೆ. ಮ್ಯಾಚ್ ಇಲ್ಲದ ಪೋಸ್ಟ್‌ಡಾಕ್‌ನಲ್ಲಿ ಆಫರ್ ಇದೆ ಎಂದು ತಿಳಿಸುವುದೇ ಸರಿಯಾದ ಕ್ರಮ. ಆದರೆ ‘ಮೊದಲ ಆಯ್ಕೆ’ ಎಂಬ ಮಾತು ಒಂದೇ ಜಾಗಕ್ಕೆ ಹೋಗಲಿ. ನಿರ್ದೇಶಕರು ಒಬ್ಬರಿಗೊಬ್ಬರು ಪರಿಚಿತರು. ಇಲ್ಲದ ಆಫರ್ ಇದೆ ಅನ್ನುವುದಂತೂ ಬೇಡವೇ ಬೇಡ.

ಆ ಜಾಗ ಹೋಲ್ಡ್ ಡೇಟ್ ಪಾಲಿಸದೇ ಇದ್ದರೆ ಲೆಕ್ಕ ಬೇರೆ. ಖಾಸಗಿ ಪ್ರಾಕ್ಟೀಸ್‌ಗಳಿಗೆ, ಎಪಿಪಿಐಸಿಯ ಸದಸ್ಯತ್ವ ಇಲ್ಲದ ಕ್ಲಿನಿಕ್‌ಗಳಿಗೆ ಆ ಕಟ್ಟುಪಾಡಿಲ್ಲ, ಎರಡು ದಿನ ಎಂದರೆ ಎರಡೇ ದಿನ ಆಗಬಹುದು. ಆಗ “ಇಂಥ ಶುಕ್ರವಾರ ಸಂಜೆಯವರೆಗೆ” ಎಂದು ದಿನ, ಗಂಟೆ ಹೆಸರಿಸಿ ಸಮಯ ಕೇಳಿ. ‘ಸ್ವಲ್ಪ ಸಮಯ ಕೊಡಿ’ ಎಂದರೆ ಸಿಗದ್ದು ಹೀಗೆ ಕೇಳಿದರೆ ಸಿಗುವುದುಂಟು. ಸಿಗದಿದ್ದರೆ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದದ್ದು ಒಂದೇ: ಬೇರೆ ಯಾವುದೂ ಬರದೇ ಹೋದರೆ ಈ ಜಾಗದಲ್ಲಿ ಒಂದು ವರ್ಷ ಕೆಲಸ ಮಾಡಬಲ್ಲೆನೇ? ಗಡುವು ಚಿಕ್ಕದಿರುವುದಕ್ಕೇ ಜಾಗ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ, ಎಷ್ಟೋ ಸಲ ಅದು ಎಚ್‌ಆರ್ ಕಚೇರಿಯ ಅವಸರ. ಆದರೆ ಪ್ರಶ್ನೆ ಕೇಳಿದ್ದಕ್ಕೇ ನಿರ್ದೇಶಕರು ಸಿಡುಕಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ವರ್ಷವಿಡೀ ಸೂಪರ್‌ವಿಷನ್ ಕೊಡುವವರು ಅವರೇ.

ಇನ್ನೊಂದು ಮಾತು. ಮೊದಲು ಬಂದ ಆಫರ್ ನಿಮಗೆ ನಿಜಕ್ಕೂ ಇಷ್ಟವಾದ ಜಾಗದ್ದಾದರೆ ಅಂದೇ ಒಪ್ಪಿಕೊಳ್ಳಿ. ಹೋಲ್ಡ್ ಇದೆ ಎಂಬ ಒಂದೇ ಕಾರಣಕ್ಕೆ ಐದು ವಾರ ನಿದ್ದೆಗೆಡುವುದು ಬೇಕಿಲ್ಲ.

ಪ್ರಶ್ನೆ: ನಾನು ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದೇನೆ. ಆಫರ್ ಬಂದ ಮೇಲೆ ವೀಸಾ ವಿಷಯ ಎತ್ತಿದರೆ ಸಾಕೇ?
— ಓದುಗರು, ಓಹಾಯೊ

ಸಾಲದು. ಅರ್ಜಿ ಹಾಕುವ ಮುನ್ನವೇ ಎರಡು ಬಾಗಿಲು ಮುಚ್ಚಿವೆ ಎಂದು ತಿಳಿಯಿರಿ. ಮಾಜಿ ಸೈನಿಕರ ವಿಎ ಆಸ್ಪತ್ರೆಗಳ ತರಬೇತಿಗೆ ಅಮೆರಿಕದ ಪೌರತ್ವ ಬೇಕು. ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಟಿ32 ತರಬೇತಿ ಅನುದಾನದ ಸೀಟಿಗೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಅರ್ಹತೆಯ ಸಾಲನ್ನು ಓದದೆ ಅಲ್ಲಿಗೆ ಪ್ರಬಂಧ ಬರೆಯುತ್ತಾ ಕೂತರೆ ವಾರಗಟ್ಟಲೆ ಶ್ರಮ ವ್ಯರ್ಥ.

ಉಳಿದ ಕಡೆಗಳಲ್ಲಿ ಸಾಮಾನ್ಯ ದಾರಿ ಓಪಿಟಿ, ಅಂದರೆ ಪದವಿಯ ಬಳಿಕ ಸಿಗುವ 12 ತಿಂಗಳ ಕೆಲಸದ ಅನುಮತಿ. ಇಲ್ಲಿ ಎರಡು ಕಡೆ ಕಾಲು ಸಿಕ್ಕಿಕೊಳ್ಳುತ್ತದೆ. ಮೊದಲನೆಯದು ಇಂಟರ್ನ್‌ಶಿಪ್‌ಗೆ ಬಳಸಿದ ಸಿಪಿಟಿ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡಲು ಸಿಗುವ ಅನುಮತಿ. ಪೂರ್ಣಾವಧಿ ಸಿಪಿಟಿ 12 ತಿಂಗಳು ತುಂಬಿತೆಂದರೆ ಅದೇ ಪದವಿ ಮಟ್ಟದ ಓಪಿಟಿ ಕೈತಪ್ಪುತ್ತದೆ. ಇಂಟರ್ನ್‌ಶಿಪ್ ಸರಿಯಾಗಿ ಒಂದು ವರ್ಷದ್ದು, ಹಾಗಾಗಿ ಇದು ಬರೀ ಕಾಗದದ ಮೇಲಿನ ಭಯವಲ್ಲ. ವಿಶ್ವವಿದ್ಯಾಲಯ ವೀಸಾಗಾಗಿ ಕೊಡುವ ಐ-20 ಪತ್ರದಲ್ಲಿ ಸಿಪಿಟಿ ಮುಗಿಯುವ ದಿನ ಯಾವುದೆಂದು ಇಂದೇ ನೋಡಿ, ಒಂದು ವರ್ಷಕ್ಕಿಂತ ಕಡಿಮೆ ಇಲ್ಲದಿದ್ದರೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಈಗಲೇ ಹೋಗಿ. ವರ್ಷ ತುಂಬಿದ ಮೇಲೆ ತಿದ್ದಲು ಏನೂ ಉಳಿದಿರುವುದಿಲ್ಲ.

ಎರಡನೆಯದು ದಿನಗಳ ಲೆಕ್ಕ. ಓಪಿಟಿ ಅರ್ಜಿಯನ್ನು ಕೋರ್ಸ್ ಮುಗಿಯುವ ದಿನಕ್ಕೆ 90 ದಿನ ಮುಂಚಿನಿಂದ, ಮುಗಿದ 60 ದಿನದವರೆಗೆ ಹಾಕಬಹುದು. ಕೆಲಸ ಆರಂಭದ ದಿನವೂ ಆ 60 ದಿನದೊಳಗೇ ಇರಬೇಕು. ನಿಮ್ಮ ಕೋರ್ಸ್ ಜೂನ್ 30ಕ್ಕೆ ಮುಗಿಯಿತು ಅಂದುಕೊಳ್ಳಿ. ಓಪಿಟಿಗೆ ಅತಿ ತಡದ ಆರಂಭ ಆಗಸ್ಟ್ 29, ಮುಗಿಯುವುದು ಮರುವರ್ಷ ಆಗಸ್ಟ್ 28. ಪೋಸ್ಟ್‌ಡಾಕ್ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ ಇದ್ದರೆ ಕೊನೆಗೆ ಮೂರು ದಿನ ಕೊರತೆ. ನೀವು ಜುಲೈ 1ನ್ನೇ ಆರಂಭ ಎಂದು ಬರೆದಿದ್ದರೆ ಎರಡು ತಿಂಗಳು ಕೊರತೆ, ಮೇಲಾಗಿ ಓಪಿಟಿಯಲ್ಲಿ ಕೆಲಸವಿಲ್ಲದೆ ಕಳೆಯಬಹುದಾದ ಒಟ್ಟು 90 ದಿನದಲ್ಲಿ 62 ಖರ್ಚಾಗಿರುತ್ತವೆ. ಹೀಗಾಗಿ ಆಫರ್ ಬಂದ ದಿನ ಕೇಳಬೇಕಾದದ್ದು “ವೀಸಾಗೆ ಸಹಾಯ ಮಾಡುತ್ತೀರಾ” ಅಂತಲ್ಲ, “ಒಂದು ವಾರ ಮುಂಚೆಯೇ ಆರಂಭಿಸಬಹುದೇ” ಅಂತ. ಇದಕ್ಕೆ ನಿರ್ದೇಶಕರೇ ಹೂಂ ಅನ್ನಬಲ್ಲರು.

ಎರಡು ವರ್ಷದ ಫೆಲೋಶಿಪ್ ಆದರೆ ಎರಡನೇ ವರ್ಷದ ಪ್ರಶ್ನೆ ಸಂದರ್ಶನಕ್ಕೆ ಮುಂಚೆಯೇ ಬರಲಿ. ವಿಶ್ವವಿದ್ಯಾಲಯಗಳಿಗೂ ಅವುಗಳಿಗೆ ಸೇರಿದ ಲಾಭರಹಿತ ಆಸ್ಪತ್ರೆಗಳಿಗೂ ಎಚ್-1ಬಿ ಉದ್ಯೋಗ ವೀಸಾದ ಲಾಟರಿಯ ಮಿತಿ ಇಲ್ಲ. ಆದರೆ ಹಾಕಬಹುದು ಎನ್ನುವುದು ಬೇರೆ, ತರಬೇತಿ ಹುದ್ದೆಗೂ ಹಾಕುತ್ತೇವೆ ಎನ್ನುವುದು ಬೇರೆ. ಉತ್ತರ ಎಚ್‌ಆರ್‌ನಿಂದ ಬರಹದಲ್ಲಿ ಬರಬೇಕು.

ಪ್ರಶ್ನೆ: ವೀಡಿಯೊ ಸಂದರ್ಶನದಲ್ಲಿ ಏನು ಕೇಳುತ್ತಾರೆ? ಇಂಟರ್ನ್‌ಶಿಪ್‌ನ ಉತ್ತರಗಳೇ ನಡೆಯುತ್ತವೆಯೇ?
— ಓದುಗರು, ಟೆಕ್ಸಾಸ್

ಅರ್ಧ ನಡೆಯುತ್ತವೆ. ಒಂದು ಕೇಸ್ ವಿವರಿಸಿ, ಒಂದು ನೈತಿಕ ಸಂದಿಗ್ಧ ಹೇಳಿ, ಸೂಪರ್‌ವೈಸರ್ ಜೊತೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ — ಇವು ಹಳೆಯವೇ. ಬದಲಾಗುವುದು ಅವರು ಕಿವಿಗೊಡುವ ಅಂಶ. ಇಂಟರ್ನ್‌ನಲ್ಲಿ ‘ಕಲಿಯಬಲ್ಲರೇ’ ಎಂದು ನೋಡಿದವರು ಈಗ ‘ಒಂದು ವರ್ಷದಲ್ಲಿ ಸ್ವತಂತ್ರವಾಗಿ ನಿಲ್ಲಬಲ್ಲರೇ’ ಎಂದು ನೋಡುತ್ತಾರೆ.

ಕೇಸ್ ಹೇಳುವಾಗ ಹೆಚ್ಚಿನವರು ಹಿನ್ನೆಲೆಯಲ್ಲೇ ಸಮಯ ಕಳೆಯುತ್ತಾರೆ. ನಾಲ್ಕು ನಿಮಿಷ ಇದೆ ಅಂದುಕೊಳ್ಳಿ. ವ್ಯಕ್ತಿ, ತೊಂದರೆ, ಸ್ಥಳ ಅರ್ಧ ನಿಮಿಷದಲ್ಲಿ ಮುಗಿಯಲಿ. ನಿಮ್ಮ ಫಾರ್ಮುಲೇಷನ್‌ಗೆ, ಅಂದರೆ ಆ ತೊಂದರೆ ಏಕೆ ಬಂತು ಎಂಬ ನಿಮ್ಮ ವಿವರಣೆಗೆ, ಒಂದು ನಿಮಿಷ. ಆಮೇಲೆ ಚಿಕಿತ್ಸೆ ಎಲ್ಲಿ ನಿಂತುಹೋಯಿತು, ಯಾವ ಅಳತೆ ನೋಡಿ ಅದು ನಿಮಗೆ ಗೊತ್ತಾಯಿತು, ಯೋಜನೆಯನ್ನು ಹೇಗೆ ಬದಲಿಸಿದಿರಿ. ಉದಾಹರಣೆಗೆ ಆಘಾತದ ಬಳಿಕ ಕಾಡುವ ಪಿಟಿಎಸ್‌ಡಿಗೆ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಕೊಡುತ್ತಿದ್ದಿರಿ, ಆರನೇ ಭೇಟಿಗೂ ಅದರ ಲಕ್ಷಣ ಅಳೆಯುವ ಪಿಸಿಎಲ್-5 ಪ್ರಶ್ನಾವಳಿಯ ಅಂಕ ಇಳಿಯಲಿಲ್ಲ, ಮನೆಕೆಲಸದ ಹಾಳೆಗಳನ್ನು ತಿರುವಿ ನೋಡಿದಾಗ ಅತ್ಯಂತ ನೋವಿನ ಘಟನೆಯ ಬದಲು ಎರಡನೆಯ ಘಟನೆಯ ಮೇಲೇ ಕೆಲಸ ನಡೆದಿತ್ತು ಎಂದು ಕಂಡಿತು. ಇಂಥ ಒಂದು ತಿರುವು ಹತ್ತು ವಿಶೇಷಣಗಳಿಗಿಂತ ಹೆಚ್ಚು ಹೇಳುತ್ತದೆ. ಗುರುತು ಸಿಗುವ ವಿವರಗಳನ್ನು ಬದಲಿಸಲು ಮರೆಯಬೇಡಿ, ಮರೆತರೆ ಅಲ್ಲೇ ಅಂಕ ಹೋಯಿತು.

ಹೊಸದಾಗಿ ಬರುವ ಪ್ರಶ್ನೆ ಮಹಾಪ್ರಬಂಧದ್ದು. ಸೇರುವ ಹೊತ್ತಿಗೆ ಇಂಟರ್ನ್‌ಶಿಪ್ಪೂ ಮುಗಿದು ಪದವಿಯ ಎಲ್ಲ ಅಗತ್ಯಗಳೂ ಪೂರೈಸಿರಬೇಕು. “ಬೇಸಿಗೆಯಲ್ಲಿ ಮುಗಿಸುತ್ತೇನೆ” ಎಂಬುದು ದುರ್ಬಲ ಉತ್ತರ. “ಡೇಟಾ ಸಂಗ್ರಹ ಮುಗಿದಿದೆ, ಏಪ್ರಿಲ್‌ನಲ್ಲಿ ಡಿಫೆನ್ಸ್, ಸಮಿತಿ ದಿನ ಕೊಟ್ಟಿದೆ” ಎನ್ನುವಂತಿರಬೇಕು. ಎಲ್ಲಿ ಲೈಸೆನ್ಸ್ ಪಡೆಯುತ್ತೀರಿ ಎಂದೂ ಕೇಳುತ್ತಾರೆ. ರಾಜ್ಯದ ಹೆಸರು ಹೇಳಲು ತಯಾರಿರಿ.

ಪ್ರಶ್ನೆ: ಆಫರ್ ಪತ್ರದಲ್ಲಿ ಸ್ಟೈಪೆಂಡ್ ಬಿಟ್ಟು ಇನ್ನೇನು ನೋಡಬೇಕು? ಚೌಕಾಸಿ ಮಾಡಬಹುದೇ?
— ಓದುಗರು, ಕ್ಯಾಲಿಫೋರ್ನಿಯಾ

ಗಂಟೆಗಳನ್ನು ನೋಡಿ, ದುಡ್ಡು ಆಮೇಲೆ. ಲೈಸೆನ್ಸ್‌ಗೆ ಕ್ಯಾಲಿಫೋರ್ನಿಯಾ ಒಟ್ಟು 3,000 ಗಂಟೆ ಸೂಪರ್‌ವಿಷನ್ ಇರುವ ಕೆಲಸ ಕೇಳುತ್ತದೆ, ಅದರಲ್ಲಿ ಕನಿಷ್ಠ 1,500 ಡಾಕ್ಟರೇಟ್ ನಂತರದ್ದು. ನ್ಯೂಯಾರ್ಕ್ ಒಂದು ವರ್ಷಕ್ಕೆ 1,750 ಲೆಕ್ಕ ಹಾಕುತ್ತದೆ. 1,500ಕ್ಕೆ ಅಳೆದುಕೊಟ್ಟ ಪೋಸ್ಟ್‌ಡಾಕ್ ಮುಗಿಸಿ ಮುಂದೆ ನ್ಯೂಯಾರ್ಕ್‌ಗೆ ಹೋದರೆ 250 ಗಂಟೆ ಎಲ್ಲಿಂದ ತರುತ್ತೀರಿ? ಎಪಿಪಿಐಸಿ ಸದಸ್ಯ ಕಾರ್ಯಕ್ರಮಗಳಲ್ಲಿ ವಾರಕ್ಕೆ ಕನಿಷ್ಠ ಎರಡು ಗಂಟೆ ಒಬ್ಬರಿಗೊಬ್ಬರ ಸೂಪರ್‌ವಿಷನ್ ಇರಬೇಕು. ಸದಸ್ಯರಲ್ಲದ ಕಡೆ ಯಾರು, ವಾರಕ್ಕೆಷ್ಟು ಗಂಟೆ, ಅವರು ರಜೆ ಹೋದರೆ ಬದಲಿ ಯಾರು ಎಂದು ಕೇಳಿ. ಸೂಪರ್‌ವೈಸರ್ ಆ ರಾಜ್ಯದ ಲೈಸೆನ್ಸ್ ಇರುವ ಮನೋವಿಜ್ಞಾನಿಯೇ? ಖಾಸಗಿ ಪ್ರಾಕ್ಟೀಸ್‌ಗಳಲ್ಲಿ ಎಡವುವುದು ಇಲ್ಲೇ.

ಚೌಕಾಸಿ ಬಹಳ ಕಡೆ ನಡೆಯದು. ವಿಎ ಸ್ಟೈಪೆಂಡ್ ಊರಿನ ಪ್ರಕಾರ ಮೊದಲೇ ನಿಗದಿ, ಟಿ32ರದ್ದು ಎನ್‌ಐಎಚ್ ಕೋಷ್ಟಕ (2024ರಲ್ಲಿ ಮೊದಲ ವರ್ಷಕ್ಕೆ 61,008 ಡಾಲರ್). ಅಂಥ ಕಡೆ ಕೇಳಬಹುದಾದ್ದು ಆರಂಭದ ದಿನ, ಲೈಸೆನ್ಸ್‌ಗೆ ಬೇಕಾದ ಇಪಿಪಿಪಿ ಪರೀಕ್ಷೆಗೆ ಓದುವ ಸಮಯ, ಸಮ್ಮೇಳನಕ್ಕೆ ರಜೆ. ಆರೋಗ್ಯ ವಿಮೆ ಯಾವ ದಿನದಿಂದ ಎಂಬುದನ್ನೂ ಕೇಳಿ. ಇಂಟರ್ನ್‌ಶಿಪ್‌ನ ವಿಮೆ ಜೂನ್‌ನಲ್ಲಿ ಮುಗಿದು ಇದು ಅಕ್ಟೋಬರ್‌ನಲ್ಲಿ ಶುರುವಾಗುವುದುಂಟು.

ಪ್ರಶ್ನೆ: ನ್ಯೂರೋಸೈಕಾಲಜಿಗೆ ಈ ಹೋಲ್ಡ್ ಡೇಟ್ ಅನ್ವಯಿಸುತ್ತದೆಯೇ?
— ಓದುಗರು, ಮಿನ್ನೆಸೋಟಾ

ನ್ಯೂರೋಸೈಕಾಲಜಿ ಪೋಸ್ಟ್‌ಡಾಕ್ ಕಾರ್ಯಕ್ರಮಗಳ ಒಕ್ಕೂಟವಾದ ಎಪಿಪಿಸಿಎನ್‌ನ ಮ್ಯಾಚ್‌ನಲ್ಲಿರುವ ಕಾರ್ಯಕ್ರಮಗಳಿಗೆ ಇಲ್ಲ, ಅವು ಪಟ್ಟಿ ಕೊಟ್ಟು ಮ್ಯಾಚ್‌ನಲ್ಲೇ ಆರಿಸುತ್ತವೆ. ಮ್ಯಾಚ್‌ನ ಹೊರಗಿರುವ ನ್ಯೂರೋಸೈಕಾಲಜಿ ಜಾಗಗಳು ನೇರವಾಗಿ ಆಫರ್ ಕೊಡುತ್ತವೆ, ಅದೂ ಮ್ಯಾಚ್ ಫಲಿತಾಂಶಕ್ಕೆ ಮುಂಚೆ. ಎರಡಕ್ಕೂ ಅರ್ಜಿ ಹಾಕಿದವರಿಗೆ ನಿಜವಾದ ಇಕ್ಕಟ್ಟು ಅದು. ಹೊರಗಿನ ಆಫರ್ ಒಪ್ಪಿದರೆ ಪಟ್ಟಿ ಸಲ್ಲಿಸುವ ಗಡುವಿನೊಳಗೆ ಮ್ಯಾಚ್‌ನಿಂದ ಹಿಂದೆ ಸರಿಯಿರಿ. ಮ್ಯಾಚ್‌ನಲ್ಲೇ ಉಳಿದರೆ ‘ಅವರು ನನ್ನನ್ನು ಆರಿಸುವರೇ’ ಎಂದು ಊಹಿಸದೆ, ನಿಮಗೆ ಇಷ್ಟವಾದ ಕ್ರಮದಲ್ಲೇ ಪಟ್ಟಿ ಮಾಡಿ. ದೂರದ ಆಸೆಯನ್ನು ಮೇಲಿಟ್ಟದ್ದರಿಂದ ಕೆಳಗಿನ ಜಾಗ ಕೈತಪ್ಪುವುದಿಲ್ಲ.

ಪ್ರಶ್ನೆ: ಒಂದು ಕಡೆ ಒಪ್ಪಿಬಿಟ್ಟೆ. ಮರುದಿನವೇ ಅದಕ್ಕಿಂತ ಒಳ್ಳೆಯ ಜಾಗದಿಂದ ಫೋನ್ ಬಂತು. ಬದಲಿಸಬಹುದೇ?
— ಹೆಸರು ಬೇಡ ಎಂದವರು

ಇಲ್ಲ. ಬಾಯಿಮಾತಿನ ಒಪ್ಪಿಗೆಯೂ ಒಪ್ಪಿಗೆಯೇ. ನೀವು ಬಂದಿರೆಂದು ಆ ನಿರ್ದೇಶಕರು ಉಳಿದವರಿಗೆಲ್ಲ ‘ಸೀಟು ತುಂಬಿತು’ ಎಂದು ಹೇಳಿ ಆಗಿರುತ್ತದೆ. ಎರಡನೆಯವರಿಗೆ ಧನ್ಯವಾದ ಹೇಳಿ, ಬೇರೆಡೆ ಒಪ್ಪಿದ್ದೇನೆ ಎಂದು ತಿಳಿಸಿ ಮುಗಿಸಿ. ಇಂಥ ಫೋನ್ ಬಂದದ್ದೇ ನೀವು ಉಳಿದ ಕಡೆ ಅರ್ಜಿ ಹಿಂತೆಗೆದಿರಲಿಲ್ಲ ಎಂಬ ಕಾರಣಕ್ಕೆ. ಒಪ್ಪಿದ ದಿನವೇ, ಸಂದರ್ಶನ ಆಗಿರಲಿ ಬಿಡಲಿ, ಅರ್ಜಿ ಹಾಕಿದ ಎಲ್ಲ ಜಾಗಗಳಿಗೂ ಎರಡು ಸಾಲು ಕಳಿಸಿ: “ನಾನು ಬೇರೊಂದು ಹುದ್ದೆಯನ್ನು ಒಪ್ಪಿಕೊಂಡಿರುವುದರಿಂದ ನನ್ನ ಅರ್ಜಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ನೀವು ಕೊಟ್ಟ ಸಮಯಕ್ಕೆ ಕೃತಜ್ಞತೆಗಳು.” ಶಿಫಾರಸು ಪತ್ರ ಬರೆದವರಿಗೂ ಅಂದೇ ಸುದ್ದಿ ಮುಟ್ಟಿಸಿ.