ಮಲ್ಪೆ ದ್ವೀಪದ ಕಲ್ಲುಕಂಬ ಕಡೆದವರು ಯಾರು?

ಪ್ರಶ್ನೆ: ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಉಳಿ ಹಿಡಿದು ಕಡೆದಂಥ ಕಲ್ಲುಕಂಬಗಳಿವೆ. ಅವು ತಾವಾಗಿಯೇ ಹಾಗಾದವೇ? ನಮ್ಮ ಜೋಗದ ಬಂಡೆ ಯಾಕೆ ಹಾಗಿಲ್ಲ?
– ಓದುಗರು, ತೀರ್ಥಹಳ್ಳಿ

ಉತ್ತರ: ಯಾರೂ ಕಡೆದದ್ದಲ್ಲ, ತಣಿದು ಬಿರಿದದ್ದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಅಲ್ಲಿ ಲಾವಾ ಹರಿದು ನಿಂತಿತು. ಗಟ್ಟಿಯಾದ ಮೇಲೂ ಕಲ್ಲು ತಣಿಯುತ್ತ ಕುಗ್ಗುತ್ತದೆ. ಸುತ್ತಲ ಕಲ್ಲು ಬಿಗಿಹಿಡಿದಿರುವುದರಿಂದ ಬಿರಿಯದೆ ಬೇರೆ ದಾರಿಯಿಲ್ಲ. ನೀರು ಬತ್ತಿದ ಗದ್ದೆಯ ಕೆಸರು ಬಾಯಿಬಿಡುವುದೂ ಹೀಗೆಯೇ. ಮೇಲ್ಮೈಯಲ್ಲಿ ಅಡ್ಡಾದಿಡ್ಡಿ ಹುಟ್ಟಿದ ಬಿರುಕುಗಳು ಒಳಗಿಳಿದಂತೆ ಸರಿಹೊಂದಿಕೊಂಡು, ಮೂರು ಮೂರು ಒಂದೆಡೆ ಸೇರಿ, ನಡುವೆ 120 ಡಿಗ್ರಿಯ ಆಸುಪಾಸಿನ ಕೋನ ಬಿಡುತ್ತವೆ. ಐದು, ಆರು ಮುಖದ ಕಂಬಗಳೇ ಹೆಚ್ಚು ಕಾಣುವುದು ಅದಕ್ಕೇ. ಬೇಗ ತಣಿದರೆ ಕಂಬ ಸಣ್ಣ, ನಿಧಾನವಾದರೆ ದಪ್ಪ.

ಇದನ್ನು ಬಸಾಲ್ಟ್, ಅಂದರೆ ಸಿಲಿಕಾ ಕಡಿಮೆಯಿರುವ ಕಪ್ಪು ಲಾವಾಶಿಲೆ, ಎಂದು ಬರೆಯುವವರು ಬಹಳ, ಅದು ತಪ್ಪು. ಇದೂ ಲಾವಾದಿಂದಲೇ ಆದದ್ದು, ಆದರೆ ಸಿಲಿಕಾ (ಮರಳಲ್ಲಿರುವ ಮುಖ್ಯ ಅಂಶ) ಹೆಚ್ಚಿರುವ ರಯೋಲೈಟ್–ಡೇಸೈಟ್ ಬಳಗದ ಕಲ್ಲು. ಬೆಳಗಾವಿ, ವಿಜಯಪುರ ಕಡೆಯ ದಖನ್ ಬಸಾಲ್ಟ್ ಇದಕ್ಕಿಂತ ಕಿರಿಯದು, ಸುಮಾರು 6.6 ಕೋಟಿ ವರ್ಷದ್ದು. ಜೋಗದ್ದು ನೈಸ್ ಶಿಲೆ, 250 ಕೋಟಿ ವರ್ಷಕ್ಕೂ ಹಳತು. ನೆಲದಾಳದ ಕಾವು, ಒತ್ತಡದಲ್ಲಿ ಬೆಂದದ್ದು. ಲಾವಾದಂತೆ ಹರಿದು ಬಯಲಲ್ಲಿ ತಣಿದದ್ದಲ್ಲ.

ಪ್ರಶ್ನೆ: ಇದನ್ನು ಶಾಲೆಯಲ್ಲಿ ಮಾಡಿ ತೋರಿಸಬಹುದೇ?
– ಶಿಕ್ಷಕಿ, ಸಾಗರ

ಉತ್ತರ: ಖಂಡಿತ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. 100 ಗ್ರಾಂ ಕಾರ್ನ್‌ಫ್ಲೋರಿಗೆ 100 ಗ್ರಾಂ ನೀರು ಕಲಸಿ, ಗಾಜಿನ ಬಟ್ಟಲಲ್ಲಿ ಮೂರ್ನಾಲ್ಕು ಸೆಂ.ಮೀ. ಎತ್ತರಕ್ಕೆ ಹುಯ್ಯಿರಿ. 60 ವಾಟ್‌ನ ಹಳೇ ತಂತಿ ಬಲ್ಬನ್ನು ಒಂದು ಗೇಣು ಮೇಲೆ ತೂಗುಹಾಕಿ ಒಣಗಲು ಬಿಡಿ. ಎಲ್‌ಇಡಿಯ ಕಾವು ಸಾಲದು. ಮೊದಲು ಮೇಲೆ ಒಂದೆರಡು ದೊಡ್ಡ ಬಿರುಕು ಬೀಳುತ್ತವೆ; ಅಷ್ಟಕ್ಕೇ ಕೆಟ್ಟಿತೆಂದು ಎಸೆಯಬೇಡಿ, ನಿಜವಾದ ಕೆಲಸ ಒಳಗೆ ನಡೆಯುತ್ತಿರುತ್ತದೆ. ಕೆಲವು ದಿನ ಬಿಟ್ಟು, ಪೂರ್ತಿ ಒಣಗಿದ ಗಟ್ಟಿಯನ್ನು ಬೋರಲು ಹಾಕಿ ಮೆಲ್ಲಗೆ ಮುರಿಯಿರಿ. ಕೆಲವೇ ಮಿಲಿಮೀಟರ್ ದಪ್ಪದ ಕಂಬಗಳು ಒತ್ತೊತ್ತಾಗಿ ನಿಂತಿರುತ್ತವೆ. ಬುಡಕ್ಕೆ ಹೋದಂತೆ ದಪ್ಪವಾಗುವುದನ್ನೂ ತೋರಿಸಿ: ಆಳದಲ್ಲಿ ನೀರು ನಿಧಾನವಾಗಿ ಆರುತ್ತದೆ. ನಮ್ಮ ಮಲೆನಾಡಿನ ಆಷಾಢದಲ್ಲಿ ಮಾತ್ರ ಬೇಡ, ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ. ಜನವರಿ, ಫೆಬ್ರವರಿಯೇ ಸರಿ.

ಪ್ರಶ್ನೆ: ಶಿವಮೊಗ್ಗದಿಂದ ದ್ವೀಪಕ್ಕೆ ಯಾವಾಗ ಹೋಗಬೇಕು?
– ಓದುಗರು, ಹೊಸನಗರ

ಉತ್ತರ: ಮಳೆಗಾಲದಲ್ಲಿ ಮಲ್ಪೆಯಿಂದ ದೋಣಿ ಬಿಡುವುದಿಲ್ಲ, ಅದು ಕಳೆದ ಮೇಲೆ ಆಗುಂಬೆ ಘಾಟಿ ಇಳಿದು ಹೋಗಿ. ಸಮುದ್ರ ಇಳಿತವಿರುವ ಹೊತ್ತು ನೋಡಿಕೊಂಡರೆ ಕಂಬಗಳ ಬುಡವೂ ಕಾಣುತ್ತದೆ. ನೀರಂಚಿನ ಪಾಚಿ ಹಿಡಿದ ಕಂಬಗಳ ಮೇಲೆ ಕಾಲಿಡಬೇಡಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಒಂದು ಚೂರನ್ನೂ ಒಡೆದು ತರಬೇಡಿ.